ಪರೀಕ್ಷಾ ಭಯದ ಬಗ್ಗೆ ಲೇಖನಗಳೇ ಇಲ್ಲವೇ?

ಪ್ರಶ್ನೆ: ನಾನು ತುಮಕೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಓದುತ್ತಿದ್ದೇನೆ. ಪಾವಗಡ, ಶಿರಾ ಕಡೆಯಿಂದ ಬಂದು ಇಲ್ಲಿನ ಹಾಸ್ಟೆಲುಗಳಲ್ಲಿರುವ ಪಿಯುಸಿ ವಿದ್ಯಾರ್ಥಿಗಳ ಪರೀಕ್ಷಾ ಭಯವನ್ನು ಕುರಿತು ಕಿರುಪ್ರಬಂಧ ಬರೆಯಬೇಕಿದೆ. ಗೂಗಲ್‌ನಲ್ಲಿ ಹುಡುಕಿದರೆ ಬುದ್ಧಿಮಾತಿನ ಬರಹಗಳೇ ಸಿಗುತ್ತವೆ. ಸಂಶೋಧನಾ ಲೇಖನ ಸಿಕ್ಕರೂ ಓದಲು ಹಣ ಕಟ್ಟಬೇಕು. ಏನು ಮಾಡಲಿ?
— ವಿದ್ಯಾರ್ಥಿನಿ, ತುಮಕೂರು

ಉತ್ತರ: ನಿಮಗೆ ಅಡ್ಡಿಯಾಗಿರುವುದು ಲೇಖನಗಳ ಕೊರತೆಗಿಂತ ಹೆಚ್ಚಾಗಿ ನೀವು ಬಳಸುತ್ತಿರುವ ಪದ. ನಾವು ಪರೀಕ್ಷಾ ಭಯ ಎನ್ನುವುದಕ್ಕೆ, ಯೇಲ್ ವಿಶ್ವವಿದ್ಯಾಲಯದ ಮ್ಯಾಂಡ್ಲರ್ ಮತ್ತು ಸರಾಸನ್ 1952ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದ ಕಾಲದಿಂದಲೂ, ಶಾಸ್ತ್ರದಲ್ಲಿ ರೂಢಿಯಾಗಿರುವ ಹೆಸರು ‘ಟೆಸ್ಟ್ ಆಂಗ್ಸೈಟಿ’. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ‘ಸೈಕ್‌ಇನ್ಫೋ’ ದತ್ತಸಂಚಯದಲ್ಲಿ (ಡೇಟಾಬೇಸ್) ಲೇಖನಗಳಿಗೆ ಇಂಥ ನಿಗದಿತ ವಿಷಯಪದಗಳನ್ನು ಕೊಟ್ಟಿರುತ್ತಾರಾದ್ದರಿಂದ, ಇಡೀ ಪ್ರಶ್ನೆಯನ್ನೇ ವಾಕ್ಯವಾಗಿ ಬರೆದು ಹುಡುಕುವುದು ವ್ಯರ್ಥ. ಈ ಜೋಡಿಪದವನ್ನು ಇಂಗ್ಲಿಷಿನಲ್ಲಿ ಉದ್ಧರಣ ಚಿಹ್ನೆಗಳೊಳಗೆ ಬರೆದು, ‘ಆ್ಯಂಡ್’ ಸೇರಿಸಿ, ಮುಂದೆ ಆವರಣದೊಳಗೆ ‘ಅಡೊಲೆಸೆಂಟ್ಸ್ ಆರ್ ಸ್ಟೂಡೆಂಟ್ಸ್’ ಎಂದು ಕೊಡಿ. ‘ಆ್ಯಂಡ್’ ಫಲಿತಾಂಶವನ್ನು ಕಿರಿದುಗೊಳಿಸುತ್ತದೆ, ‘ಆರ್’ ಹಿಗ್ಗಿಸುತ್ತದೆ. ಅಗತ್ಯವಿದ್ದರೆ ‘ಇಂಡಿಯಾ’ ಅಥವಾ ‘ರೂರಲ್’ ಎಂಬುದನ್ನು ಸೇರಿಸಬಹುದು. ಪಾವಗಡದ ಹೆಸರನ್ನು ಹಾಕಿದರೆ ಮಾತ್ರ ಕೈಗೆ ಏನೂ ಹತ್ತದಿರಬಹುದು. ಹಾಗೆಂದು ಎದೆಗುಂದಬೇಡಿ, ಅಲ್ಲಿನ ಅಧ್ಯಯನ ಇಲ್ಲದಿರುವುದೇ ನಿಮ್ಮ ಕಿರುಪ್ರಬಂಧಕ್ಕೆ ಸಮರ್ಥನೆ.

ಸೈಕ್‌ಇನ್ಫೋ ಮುಖ್ಯವಾಗಿ ಸಾರಾಂಶಗಳ ಭಂಡಾರ, ಅದಕ್ಕೂ ಚಂದಾ ಬೇಕು. ನಿಮ್ಮ ಗ್ರಂಥಾಲಯದಲ್ಲಿ ಅದು ಇದೆಯೇ ಎಂದು ಗ್ರಂಥಪಾಲಕರನ್ನೇ ಕೇಳಿ. ನಿಮ್ಮದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಯಾಗಿದ್ದರೆ, 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಓದುವ ಅವಕಾಶವಿರುವ ಸಂಗತಿಯನ್ನೂ ವಿಚಾರಿಸಿ. ಚಂದಾ ಇಲ್ಲದಿದ್ದರೂ ದಾರಿ ಮುಚ್ಚಿಲ್ಲ. ಅಮೆರಿಕದ ‘ಎರಿಕ್’ ಶಿಕ್ಷಣ ವಿಷಯಕ ದತ್ತಸಂಚಯವಾದ್ದರಿಂದ ನಿಮ್ಮ ವಿಷಯಕ್ಕೆ ವೈದ್ಯಕೀಯ ಲೇಖನಗಳ ದತ್ತಸಂಚಯವಾದ ಪಬ್‌ಮೆಡ್‌ಗಿಂತ ಹತ್ತಿರದ್ದು. ಎರಡರಲ್ಲೂ ಹುಡುಕಾಟ ಉಚಿತ. ತಜ್ಞರ ಪರಿಶೀಲನೆಗೆ ಒಳಪಟ್ಟ ಲೇಖನಗಳನ್ನಷ್ಟೇ ತೋರಿಸುವಂತೆ ಆರಿಸಿಕೊಳ್ಳುವ ಸೌಲಭ್ಯ ಎರಿಕ್‌ನಲ್ಲಿದೆ.

ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ, ಗೂಗಲ್ ಸ್ಕಾಲರ್‌ನಲ್ಲಿ ಅದರ ಕೆಳಗಿರುವ ‘ಸೈಟೆಡ್ ಬೈ’ ಒತ್ತಿ, ಅದನ್ನು ಉಲ್ಲೇಖಿಸಿದ ಹೊಸ ಲೇಖನಗಳಿಗೆ ಹೋಗಬಹುದು. ಭಾರತೀಯ ಸಂದರ್ಭಕ್ಕಾಗಿ, ನಮ್ಮ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಸಂಗ್ರಹಿಸಿಡುವ ಜಾಲತಾಣವಾದ ಶೋಧಗಂಗಾದ ಪಿಎಚ್.ಡಿ. ಪ್ರಬಂಧಗಳನ್ನು ನೋಡಿ, ನನ್ನನ್ನು ಕೇಳಿದರೆ, ಅವುಗಳ ಅಧ್ಯಾಯಗಳಿಗಿಂತ ಕೊನೆಯ ಗ್ರಂಥಋಣವೇ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು. ಆಗಲೂ ಪೂರ್ಣಪಾಠ ದೊರೆಯದ ಲೇಖನವಿದ್ದರೆ, ಅದರ ಸಾರಾಂಶದ ಪುಟದಲ್ಲಿ ಲೇಖಕರ ಇ-ಮೇಲ್ ವಿಳಾಸವಿದೆಯೇ ನೋಡಿ, ಇದ್ದರೆ ಲೇಖನದ ಒಂದು ಪ್ರತಿಯನ್ನು ಕೋರಿ ವಿನಯದಿಂದ ನಾಲ್ಕು ಸಾಲು ಬರೆಯಿರಿ.