ರೈಜನ್ 5 1600 ಬದಲಿಸುವ ಮುನ್ನ

ರೈಜನ್ 5 1600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಮತ್ತು 8 ಜಿಬಿಯ ಒಂದೇ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಆಟ ನಡುನಡುವೆ ತಡವರಿಸುತ್ತಿದೆ, ಪ್ರೊಸೆಸರನ್ನು ರೈಜನ್ 5 5600ಕ್ಕೆ ಬದಲಿಸಬೇಕೇ ಎಂದು ಕೇಳಿದ್ದೀರಿ. ನನಗೆ ಮೊದಲು ಅನುಮಾನ ಬರುವುದು ರ‍್ಯಾಮ್ ಮೇಲೆ. ಒಂದೇ ರ‍್ಯಾಮ್ ಇದ್ದಾಗ ಪ್ರೊಸೆಸರಿಗೆ ದತ್ತಾಂಶ ಸಾಗಿಸುವ ಮೆಮೊರಿಯ ಎರಡು ಚಾನೆಲ್‌ಗಳಲ್ಲಿ ಒಂದು ಖಾಲಿ ಉಳಿಯುತ್ತದೆ; ಜೊತೆಗೆ ಇಂದಿನ ಹಲವು ಆಟಗಳಿಗೆ 8 ಜಿಬಿ ಸಾಲದೆ, ಡಿಸ್ಕಿನಿಂದ ದತ್ತಾಂಶ ಬರುವವರೆಗೆ ಆಟ ಕ್ಷಣಕಾಲ ನಿಂತುಬಿಡುತ್ತದೆ. ಆದ್ದರಿಂದ ಮೊದಲು ಅದೇ ವೇಗದ ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿ.

ಆಮೇಲೆ ರೆಸಲ್ಯೂಶನ್ನನ್ನು 1080ರಿಂದ 720ಕ್ಕೆ ಇಳಿಸಿ ಅದೇ ದೃಶ್ಯವನ್ನು ಮತ್ತೆ ಆಡಿ. ಫ್ರೇಮ್‌ಗಳ (ಸೆಕೆಂಡಿಗೆ ಮೂಡುವ ಚಿತ್ರಗಳ) ಸಂಖ್ಯೆ ಚೆನ್ನಾಗಿ ಏರಿದರೆ ಅಡಚಣೆ ಗ್ರಾಫಿಕ್ಸ್ ಕಾರ್ಡಿನದು. ಹೆಚ್ಚುಕಡಿಮೆ ಅಷ್ಟೇ ಉಳಿದರೆ ಪ್ರೊಸೆಸರಿನದು. ಪ್ರೊಸೆಸರ್ ಬಳಕೆ ಶೇಕಡಾ 50 ಎಂದು ಕಂಡರೂ ನೆಚ್ಚಿಕೊಳ್ಳಬೇಡಿ, ಏಕೆಂದರೆ ಅದು 12 ಥ್ರೆಡ್‌ಗಳ (ಪ್ರೊಸೆಸರ್ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸರಣಿಗಳ) ಸರಾಸರಿ. ಆಟದ ಮುಖ್ಯ ಭಾರ ಹೊತ್ತ ಒಂದು ಥ್ರೆಡ್ ಏದುಸಿರು ಬಿಡುತ್ತಿದ್ದರೂ ಅದರಲ್ಲಿ ತಿಳಿಯುವುದಿಲ್ಲ.

ಪ್ರೊಸೆಸರೇ ಕಾರಣವಾದರೆ 5600 ಒಳ್ಳೆಯ ಆಯ್ಕೆ. ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಎರಡರಲ್ಲೂ ಆರೇ. ಆದರೆ 1600ರಲ್ಲಿ 16 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಅತಿವೇಗದ ಮೆಮೊರಿ) ಎರಡು ಪಾಲಾಗಿದ್ದರೆ, 5600ರಲ್ಲಿ 32 ಎಂಬಿಯನ್ನು ಆರೂ ಕೋರ್‌ಗಳು ಹಂಚಿಕೊಳ್ಳುತ್ತವೆ. ಎರಡೂ 65 ವ್ಯಾಟ್‌ನವು, ಹಾಗಾಗಿ ಪವರ್ ಸಪ್ಲೈ ಬದಲಿಸಬೇಕಿಲ್ಲ. ಹೊಸ ಪ್ರೊಸೆಸರನ್ನು ಮದರ್‌ಬೋರ್ಡ್ ಗುರುತಿಸುವಂತೆ, ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ. ನಾನೊಮ್ಮೆ ಇದನ್ನು ಮರೆತು, ಕಪ್ಪು ಪರದೆ ನೋಡುತ್ತಾ ಕುಳಿತು, ಹಳೆಯದನ್ನೇ ಮತ್ತೆ ಕೂರಿಸಬೇಕಾಯಿತು. ಕೂಲರನ್ನು ನೇರವಾಗಿ ಎಳೆಯದೆ ಮೆಲ್ಲಗೆ ತಿರುಗಿಸಿ ತೆಗೆಯಿರಿ, ಇಲ್ಲವಾದರೆ ಶಾಖ ದಾಟಿಸಲು ನಡುವೆ ಹಚ್ಚಿರುವ ಪೇಸ್ಟಿಗೆ ಅಂಟಿದ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನುಗಳು ಬಾಗಬಹುದು.