ಪ್ರ: ತೊಗರಿ ಹೂವಿನ ಐದನೇ ಎಸಳು ಎಲ್ಲಿದೆ?

ಆಳಂದದ ಹೊಲದಲ್ಲಿ ತೊಗರಿ ಹೂ ಬಿಡಿಸಿ ನೋಡಿದಿರಿ, ಎಸಳು ನಾಲ್ಕೇ ಸಿಕ್ಕಿತು, ಪುಸ್ತಕದಲ್ಲಿ ಐದು ಅಂತ ಇದೆ ಎಂದು ಕೇಳಿದ್ದೀರಿ ಅಲ್ವಾ? ನಿಮ್ಮ ಎಣಿಕೆಯೂ ಸರಿ, ಪುಸ್ತಕವೂ ಸರಿ.

ಮೇಲೆ ಅಗಲವಾಗಿ ಎದ್ದು ನಿಂತಿರುವುದು ಧ್ವಜದಳ. ಕೆಲವು ತಳಿಗಳಲ್ಲಿ ಅದರ ಬೆನ್ನ ಮೇಲೆ ಕೆಂಪು ಗೆರೆಗಳಿರುತ್ತವೆ. ಅಕ್ಕಪಕ್ಕದ ಎರಡು ರೆಕ್ಕೆದಳಗಳು. ಒಳಗೆ, ಕೆಳಗಡೆ, ದೋಣಿಯಂತೆ ಬಾಗಿರುವುದು ದೋಣಿದಳ. ಅದು ಎರಡು ಎಸಳು ಅಂಟಿಕೊಂಡು ಆಗಿದ್ದು. ನಿಮಗೆ ತಪ್ಪಿಹೋದದ್ದು ಅದೇ!

ಆ ದೋಣಿಯನ್ನು ಸೂಜಿಯಿಂದ ಮೆಲ್ಲಗೆ ಸೀಳಿ. ಹತ್ತು ಕೇಸರ, ಅಂದರೆ ಪರಾಗ ಹೊತ್ತ ಎಳೆಗಳು, ಸಿಗುತ್ತವೆ. ಒಂಬತ್ತರ ಬುಡ ಸೇರಿ ಕೊಳವೆಯಾಗಿದೆ, ಹತ್ತನೆಯದು ಒಂಟಿ. ಕೊಳವೆಯೊಳಗೆ ತೆಳ್ಳಗೆ, ಹಸಿರಾಗಿ ಕಾಣುವುದೇ ಅಂಡಾಶಯ. ಮುಂದೆ ಕಾಯಿ ಆಗುವುದು ಅದೇ. ಬುಡದಲ್ಲಿರುವ ಪುಟ್ಟ ಹಸಿರು ಬಟ್ಟಲು ಪುಷ್ಪಪಾತ್ರೆ, ಅಷ್ಟೇ.

ಹೂ ಕಿತ್ತರೆ ಮನೆಯವರು ಬೈತಾರೆ ಅಂದಿರಿ. ತೊಗರಿ ಹೂವು ಹೇಗೂ ಜಾಸ್ತಿ ತಾನಾಗೇ ಉದುರುತ್ತದೆ. ಸುಮ್ನೆ ಬೆಳಿಗ್ಗೆ ಗಿಡದ ಕೆಳಗೆ ಆರಿಸಿಕೊಳ್ಳಿ, ಬಾಡಿರದ್ದು ನೋಡಿ. ಹಾಗೇ ಮನೆ ಅಂಗಳದ ಶಂಖಪುಷ್ಪವನ್ನೂ ಬಿಡಿಸಿ. ಅಲ್ಲಿ ಧ್ವಜವೇ ಕೆಳಗಿರುತ್ತದೆ.