ಹೊಗೆ ಹಿಡಿದ ಗೋಡೆಗೆ ಸುಣ್ಣ ಬಳಿಯಬೇಡಿ

ಓದುಗರ ಪತ್ರ: ಶಿರಸಿ ಸೀಮೆಯ ನಮ್ಮ ಅಜ್ಜನ ಮನೆಯನ್ನು ವಸ್ತುಸಂಗ್ರಹಾಲಯ ಮಾಡಲು ಅಣ್ಣತಮ್ಮಂದಿರು ಒಪ್ಪಿದ್ದೇವೆ. ನಡುಮನೆಯಲ್ಲಿ ಬೆಳಕಿಲ್ಲ, ಬರೀ ಮಬ್ಬು. ಒಳಗೋಡೆ ತೆಗೆದು ಒಂದೇ ಹಾಲ್ ಮಾಡಿ, ಸಿಮೆಂಟ್ ಗಿಲಾವು, ಟೈಲ್ಸ್, ಎ.ಸಿ. ಹಾಕಿಸಿದರೆ ಮಾತ್ರ ಪೇಟೆಯವರು ಬರುತ್ತಾರೆಂಬುದು ನನ್ನ ಅಭಿಪ್ರಾಯ. ಊರಿನ ಹಿರಿಯರು ಬೇಡವೆನ್ನುತ್ತಾರೆ. ನೀವೇನು ಹೇಳುತ್ತೀರಿ?

ಸಂಪಾದಕರ ಉತ್ತರ: ಮೊದಲು ನಿಮಗೆಲ್ಲ ನಮಸ್ಕಾರ. ಹಿಸೆಯಾದ ಮನೆಗಳ ಕಂಬ, ತೊಲೆ, ಬಾಗಿಲುಗಳು ಹಳೆಯ ಮರದ ವ್ಯಾಪಾರಿಯ ಲಾರಿ ಹತ್ತುವುದನ್ನು ನೋಡಿ ನೋಡಿ ಸೋತಿದ್ದೇನೆ. ನೀವು ಮನೆ ಉಳಿಸಲು ಹೊರಟಿದ್ದೀರಿ.

ನಿಮ್ಮ ಮಾತಿನಲ್ಲಿಯೂ ನ್ಯಾಯವಿದೆ. ಶೌಚಾಲಯ ಬೇಕು, ಹೊಸ ವಯರಿಂಗ್ ಬೇಕು, ಮಂಡಿನೋವಿನವರಿಗೆ ಜಗಲಿ ಹತ್ತಲು ಇಳಿಜಾರು ಬೇಕು. ಅಲ್ಲಿಗೆ ಸಾಕು. ಉಳಿದುದರಲ್ಲಿ ನಾನು ಹಿರಿಯರ ಪಕ್ಷ.

ಕೆಂಪುಕಲ್ಲು, ಮಣ್ಣು ಎರಡೂ ನೀರು ಕುಡಿಯುತ್ತವೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ಕಟ್ಟಿಹಾಕುತ್ತದೆ. ಕುಮಟಾ ಕಡೆ ಹೀಗೆ 'ನವೀಕರಿಸಿದ' ಮನೆಯೊಂದಕ್ಕೆ ಹೋಗಿದ್ದೆ. ಎರಡೇ ಮಳೆಗಾಲಕ್ಕೆ ಗಿಲಾವು ಉಬ್ಬಿ, ಉಪ್ಪು ಬಿಳಿಯಾಗಿ ಒಡೆದಿತ್ತು. ಅದಕ್ಕಿಂತ ಹೆಚ್ಚು ನೋವಾದದ್ದು ಅಡುಗೆಮನೆಯಲ್ಲಿ. ಒಲೆ ಕಿತ್ತಿದ್ದರು. ಹೊಗೆಯಿಂದ ಕಪ್ಪಾದ ಗೋಡೆಯನ್ನು ಉಜ್ಜಿ ಬಿಳಿ ಬಳಿದಿದ್ದರು. ಒರಳುಕಲ್ಲು ಗಾಜಿನ ಪೆಟ್ಟಿಗೆಯಲ್ಲಿತ್ತು! ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ರುಬ್ಬಿದವಳ ಜಾಗ ಎಲ್ಲಿ ಹೋಯಿತು? ಆ ಕಪ್ಪು ಕೊಳೆಯಲ್ಲ ಸ್ವಾಮಿ, ಮೂರು ತಲೆಮಾರಿನ ಹೆಂಗಸರು ಬರೆದಿಟ್ಟ ಚರಿತ್ರೆ.

ಇದು ಹಳೆ ಕಾಲದವನ ಹಠವೆಂದು ತಿಳಿಯಬೇಡಿ. ಹಳೆಯ ಕಟ್ಟಡಕ್ಕೆ ಸಮಾಜದ ಉಪಯೋಗ ಕೊಡುವುದು ಒಳ್ಳೆಯದು, ಆದರೆ ಅದರ ವಿನ್ಯಾಸ ಕೆಡಬಾರದು ಎಂದು ಸ್ಮಾರಕಗಳ ಸಂರಕ್ಷಣೆಗಾಗಿ ಹಲವು ದೇಶಗಳ ತಜ್ಞರು ಒಪ್ಪಿದ 1964ರ ವೆನಿಸ್ ಸನ್ನದೇ ಹೇಳಿದೆ. ಹಳೆಯ ಬಟ್ಟೆ, ಕಾಗದಕ್ಕೆ ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ), ಅಂದರೆ ಮಂದ ಬೆಳಕು ಸಾಕೆಂಬುದು ವಸ್ತುಸಂಗ್ರಹಾಲಯಗಳ ರೂಢಿ. ನಡುಮನೆಯ ಮಬ್ಬನ್ನು ದೋಷವೆಂದು ಬರೆದಿದ್ದೀರಲ್ಲ, ಅಜ್ಜಿಯ ಸೀರೆಗೆ ಅದೇ ಕ್ಷೇಮ.

ಪೇಟೆಯವರು ಬರುವುದಿಲ್ಲವೇ? ಕುಪ್ಪಳಿಗೆ ಹೋಗಿ ನೋಡಿ. ಕುವೆಂಪು ಅವರ ಕವಿಮನೆಗೆ ಜನ ಬರುವುದು ತೊಟ್ಟಿಯ ಸುತ್ತ ಓಡಾಡಿ, ಪಾತ್ರೆ ಪರಡಿ ನೋಡಿ, ಒಂದು ಮನೆಯೊಳಗೆ ಹೊಕ್ಕಂತೆ ಅನಿಸಲೆಂದು.

ನಮ್ಮ ಜಿಲ್ಲೆಯದೇ ಸಂಕಟ ಬೇರೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಟಾಗೋರರು ಬಂದು ಉಳಿದಿದ್ದರು, ಇಲ್ಲಿಯೇ ನಾಟಕ ಬರೆದರು. ಕಡಲತೀರಕ್ಕೆ ಅವರ ಹೆಸರಿಟ್ಟೆವು. ಅವರು ಕೂತು ಬರೆದ ಕೋಣೆಯನ್ನು ಮಕ್ಕಳಿಗೆ ತೋರಿಸಬೇಕೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಅನಿಸಿದೆ? ಫಲಕ ನೆಡಲು ಹಣವಿರುತ್ತದೆ, ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಲು ಇರುವುದಿಲ್ಲ. ಚಿಪ್ಪಿಸುಣ್ಣ ಅರೆದು ಗಾರೆ ಮಾಡಬಲ್ಲ ಕೈಗಳೋ ಒಂದೊಂದಾಗಿ ಮಣ್ಣಾಗುತ್ತಿವೆ, ಅವರ ಮಕ್ಕಳು ಸಿಮೆಂಟ್ ಕಲಸುತ್ತಿದ್ದಾರೆ.

ಆದ್ದರಿಂದ ಎ.ಸಿ.ಯ ದುಡ್ಡನ್ನು ಮಾಡಿಗೆ ಹಾಕಿ. ಈ ಬೇಸಿಗೆಯಲ್ಲಿ ಒಡೆದ ಹೆಂಚು ಬದಲಿಸಿ, ಹೆಂಚು ಹೊತ್ತ ಮರದ ಪಕಾಸು, ರೀಪುಗಳಿಗೆ ಗೆದ್ದಲು ಹತ್ತಿದೆಯೇ ನೋಡಿಸಿ. ಮಳೆ ಹಿಡಿದ ಮೇಲೆ, ಮನೆಯ ಹಿರಿಯಕ್ಕನನ್ನು ಅಡುಗೆಮನೆಯಲ್ಲಿ ಕೂರಿಸಿ, ಯಾವ ಪಾತ್ರೆ ಎಲ್ಲಿತ್ತೆಂದು ಕೇಳಿ ಬರೆದುಕೊಳ್ಳಿ.